ಸಮುದ್ರ ಕಂಡು ಬಂದ ಜಡೆಮ್ಮ

ಸಿರುಗುಪ್ಪದಲ್ಲಿ ನಮ್ಮ ಮನೆ ತಿಪ್ಪೇರುದ್ರಪ್ಪನವರ ಅಕ್ಕಿ ಗಿರಣಿಯ ಹಿಂದೆಯೇ ಇತ್ತು. ಅಪ್ಪ ಆ ಗಿರಣಿಯಲ್ಲಿ ಕೆಲಸಕ್ಕಿದ್ದರು. ಸಂತೆಗೆ ಬಂದ ಹಳ್ಳಿಯ ಹೆಣ್ಣುಮಕ್ಕಳು ನಮ್ಮ ಕಟ್ಟೆಯ ಮೇಲೆ ಗಂಟು ಇಳಿಸಿ, ನೀರು ಕುಡಿದು, ಅವ್ವನ ಜೊತೆ ನಾಲ್ಕು ಮಾತಾಡಿ ಹೋಗುತ್ತಿದ್ದರು. ಅವರಲ್ಲಿ ಜಡೆಮ್ಮ ಒಬ್ಬಳು. ಎತ್ತರದ ಹೆಂಗಸು. ವರ್ಷದ ಅರ್ಧ ಭಾಗ ಕೆಸರಿನಲ್ಲಿ ನಿಂತೇ ಕಳೆಯುತ್ತಿದ್ದುದರಿಂದ ಅವಳ ಕಾಲಿನ ಉಗುರುಗಳು ಕಂದಿಹೋಗಿದ್ದವು. ಮಾತು ಕಡಿಮೆ. ನಾಟಿಯ ಕಾಲ ಬಂದರೆ ತನ್ನ ಹಳ್ಳಿಯ ಹೆಂಗಸರನ್ನು ಗುಂಪು ಕಟ್ಟಿಕೊಂಡು ಕ್ಯಾಂಪಿನ ಗದ್ದೆಗಳಿಗೆ ಇಳಿಯುವವಳು ಅವಳೇ. ಯಾರು ಎಲ್ಲಿ ನಿಲ್ಲಬೇಕು, ಬಸುರಿ ಹೆಣ್ಣುಮಗಳಿಗೆ ಯಾವ ಕೆಲಸ ಕೊಡಬೇಕು, ಹೊತ್ತು ಇಳಿದ ಮೇಲೂ ಗದ್ದೆ ಬಿಡದ ಧಣಿಗೆ ಏನು ಹೇಳಬೇಕು, ಎಲ್ಲವೂ ಅವಳ ಪಾಲಿಗೆ ಬಂದ ಕೆಲಸವೇ.

ತುಂಗಭದ್ರೆಯ ಕಾಲುವೆ ಬಂದ ಮೇಲೆ ಆಂಧ್ರದ ಕರಾವಳಿಯಿಂದ ಬಂದು ಇಲ್ಲಿ ಭೂಮಿ ಕೊಂಡ ರೈತರ ವಸತಿಗಳನ್ನು ನಮ್ಮ ಕಡೆ ಕ್ಯಾಂಪು ಎನ್ನುತ್ತೇವೆ. ಮೊದಲು ಬಂದು ಗುಡಿಸಲು ಹಾಕಿದವನ ಹೆಸರೇ ಕ್ಯಾಂಪಿನ ಹೆಸರು. ಜಡೆಮ್ಮನ ಹಳ್ಳಿ ಒಂದು ದಿಬ್ಬದ ಮೇಲಿತ್ತು. ಅಲ್ಲಿಂದ ಇಳಿದು ಹೊಲ ದಾಟಿದರೆ ಕಾಲುವೆ. ಕಾಲುವೆಯ ಆಚೆ ದಂಡೆಯಲ್ಲಿ ರತ್ತಯ್ಯ ಕ್ಯಾಂಪು.

ರತ್ತಯ್ಯನ ಗದ್ದೆಯಲ್ಲಿ ಒಂದು ತುಂಡು ಹಿಂದೆ ಜಡೆಮ್ಮನ ಮಾವನದಾಗಿತ್ತು. ಎರೆಹೊಲದಲ್ಲಿ ಜೋಳ, ಹತ್ತಿ ಬೆಳೆದು ಬದುಕಿದ್ದ ನಮ್ಮವರಿಗೆ ಕಾಲುವೆಯ ನೀರೆಂದರೆ ಮೊದಮೊದಲು ಭಯವೇ ಇತ್ತು. ನೀರು ನಿಂತರೆ ಹೊಲ ಸವಳು ಹಿಡಿದು ಬಂಜರಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಹೀಗಾಗಿ ಅರವತ್ತರ ದಶಕದ ಆರಂಭದಲ್ಲಿ ಕೇಳಿದವರಿಗೆ ಕೇಳಿದಷ್ಟಕ್ಕೆ ಕೊಟ್ಟುಬಿಟ್ಟರು. ಜಡೆಮ್ಮನ ಮಾವ ಹೊಲ ಮಾರುವಾಗ ಇಟ್ಟ ಶರತ್ತು ಒಂದೇ: ತಾನು ಸತ್ತರೆ ಆ ಹೊಲದ ಮೂಲೆಯಲ್ಲೇ ಮಣ್ಣು ಮಾಡಬೇಕು. ರತ್ತಯ್ಯ ಒಪ್ಪಿದ, ಹಾಗೆಯೇ ಆಯಿತು. ಆದರೆ ಕೆಲವು ವರ್ಷಗಳ ಮೇಲೆ, ಗದ್ದೆಯಲ್ಲಿ ನೀರು ಸಮನಾಗಿ ನಿಲ್ಲಬೇಕೆಂದು ಏರುತಗ್ಗು ಕಡಿದು ಮಟ್ಟ ಮಾಡಿಸಿದಾಗ, ಆ ಮೂಲೆಯೂ ಮಟ್ಟವಾಯಿತು. ಜಡೆಮ್ಮನ ಗಂಡ ಗಾಳೆಪ್ಪ ಒಂದು ಬೆಳಿಗ್ಗೆ ಹೋಗಿ ನೋಡಿದಾಗ ಅಪ್ಪನ ಗೋರಿಯ ಕಲ್ಲು ಕಾಲುವೆಯ ದಂಡೆಯ ಮೇಲೆ ಅಡ್ಡ ಬಿದ್ದಿತ್ತು. ಅಪ್ಪ ಎಲ್ಲಿ ಮಲಗಿದ್ದಾನೆಂದು ತೋರಿಸಲು ಗುರುತೇ ಉಳಿದಿರಲಿಲ್ಲ. ಗಾಳೆಪ್ಪ ಜಗಳ ಮಾಡಲಿಲ್ಲ. ಅಂದಿನಿಂದ ಆ ಗದ್ದೆಗೆ ಕಾಲಿಡಲಿಲ್ಲ, ಅಷ್ಟೇ. ನಮ್ಮ ಗಿರಣಿಗೆ ಬಂದು ಚೀಲ ಹೊರುವ ಹಮಾಲಿ ಹಿಡಿದ.

ಜಡೆಮ್ಮ ಹಾಗೆ ಇರುವಂತಿರಲಿಲ್ಲ, ಅವಳ ಕೂಲಿ ಆ ಗದ್ದೆಗಳಿಂದಲೇ ಬರಬೇಕಿತ್ತು. ನಾಟಿ ಮಾಡುವುದನ್ನು ಅವಳಿಗೆ ಕಲಿಸಿದವಳೇ ರತ್ತಯ್ಯನ ಹೆಂಡತಿ ಸಾವಂತ್ರಮ್ಮ. ಕೃಷ್ಣೆ ಕಡಲು ಸೇರುವ ಸೀಮೆಯ ಹೆಣ್ಣುಮಗಳು ಆಕೆ. ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿ, ತಾನೇ ಕೆಸರಿಗೆ ಇಳಿದು, ಜೋಳದ ಸೀಮೆಯ ಹೆಂಗಸರಿಗೆ ಸಸಿ ಹಿಡಿಯುವ ರೀತಿ ತೋರಿಸಿಕೊಟ್ಟಿದ್ದಳು. ಇಬ್ಬರೂ ಒಂದೇ ವಯಸ್ಸಿನವರು. ಮಾತು ತೆಲುಗಿನಲ್ಲಿ ಸಾಗುತ್ತಿತ್ತು. ಬಳ್ಳಾರಿ ಸೀಮೆಯಲ್ಲಿ ತೆಲುಗು ಬಾರದವರು ಯಾರು? ಆದರೆ ಸಂಬಂಧ ಗದ್ದೆಯ ಬದುವಿನವರೆಗೆ ಮಾತ್ರ. ಚಹಾ ಕೊಡುವಾಗ ಸಾವಂತ್ರಮ್ಮ ಮೇಲಿನಿಂದ ಹೊಯ್ಯುವಳು. ಜಡೆಮ್ಮ ತಾನೇ ತಂದ ಲೋಟ ಕೆಳಗೆ ಹಿಡಿಯುವಳು. ಆಗ ಅದೇ ರೂಢಿಯಾಗಿತ್ತು, ಅದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

ಎಪ್ಪತ್ತೇಳನೆಯ ಇಸವಿಯ ನವೆಂಬರಿನಲ್ಲಿ ಭತ್ತ ಮಾಗಿ ಕೊಯ್ಲಿಗೆ ನಿಂತಿತ್ತು. ಎರಡು ದಿನ ಮೋಡ ಕವಿದು, ಮೂಡಣ ದಿಕ್ಕಿನಿಂದ ಥಂಡಿ ಗಾಳಿ ಬೀಸಿತು. ತೆನೆ ನೆಲಕ್ಕೆ ಒರಗೀತು ಎಂಬ ಆತಂಕ ಬಿಟ್ಟರೆ ನಮ್ಮವರಿಗೆ ಬೇರೆ ಯೋಚನೆ ಇರಲಿಲ್ಲ. ಆಮೇಲೆ ರೇಡಿಯೋದಲ್ಲಿ ಸುದ್ದಿ ಬಂತು. ಆಂಧ್ರದ ಕರಾವಳಿಗೆ ಚಂಡಮಾರುತ ಅಪ್ಪಳಿಸಿದೆ, ಸಮುದ್ರ ಊರುಗಳ ಮೇಲೆ ಎದ್ದು ಬಂದಿದೆ ಎಂದು. ಮೊದಲ ದಿನ ನೂರಾರು ಸಾವು ಎಂದರು, ಮರುದಿನ ಸಾವಿರ ಎಂದರು, ಆಮೇಲೆ ಲೆಕ್ಕವನ್ನೇ ನಂಬಲಾಗದಂತಾಯಿತು. ಕ್ಯಾಂಪಿನಲ್ಲಿ ರೇಡಿಯೋ ಇದ್ದ ಮನೆಯ ಮುಂದೆ ಜನ ನಿಂತೇ ಇರುತ್ತಿದ್ದರಂತೆ. ಸಾವಂತ್ರಮ್ಮನ ತವರೂರು ಸಮುದ್ರಕ್ಕೆ ತೀರ ಹತ್ತಿರ. ರತ್ತಯ್ಯ ಅಂದೇ ಹೊರಟುಹೋದ.

ಅವನು ತಿರುಗಿ ಬಂದಾಗ ತಲೆ ಬೋಳಿಸಿಕೊಂಡಿದ್ದ. ಹೆಂಡತಿಯ ಮುಂದೆ ನಿಂತು ಬಾಯಿಬಿಟ್ಟು ಏನೂ ಹೇಳಬೇಕಾಗಲಿಲ್ಲ. ಅವಳ ತಂದೆ, ತಾಯಿ, ಅಣ್ಣ, ತಮ್ಮಂದಿರು, ಅವರ ಮಕ್ಕಳು ಯಾರೂ ಉಳಿದಿರಲಿಲ್ಲ. ಅಣ್ಣನ ಹೆಂಡತಿ ಕೋಟಮ್ಮ ಒಬ್ಬಳು ತಾಳೆಮರವನ್ನು ಅವಚಿ ಹಿಡಿದು ಬದುಕಿದ್ದಳು. ಯಾವುದೋ ಸಾಲೆಯ ಕಟ್ಟಡದಲ್ಲಿ ಗಾಯಾಳುಗಳ ನಡುವೆ ಮಲಗಿದ್ದಳು. ಊರಿನ ಹೆಣಗಳನ್ನು ಒಟ್ಟಾಗಿ ಸುಟ್ಟಿದ್ದರು. ಯಾರದು ಯಾವುದೆಂದು ಗುರುತಿಸುವ ಸ್ಥಿತಿ ಇರಲಿಲ್ಲ.

ಕ್ಯಾಂಪಿನಲ್ಲಿ ಬಹುಪಾಲು ಮನೆಗಳದ್ದು ಇದೇ ಕತೆ. ದಿಬ್ಬದ ಮೇಲಿನ ಹಳ್ಳಿಯಿಂದ ನೋಡಿದರೆ ಆಚೆ ದಂಡೆಯ ಮಾಡುಗಳಿಂದ ಹೊಗೆ ಏಳುತ್ತಿರಲಿಲ್ಲ. ಹಳ್ಳಿಯಲ್ಲಿ ಮಾತು ನಾನಾ ತರಹ ನಡೆಯಿತು. ಅಯ್ಯೋ ಪಾಪ ಎಂದವರು ಹಲವರು. ನಮ್ಮ ಭೂಮಿ ತಿಂದದ್ದು ದಕ್ಕಲಿಲ್ಲ ಎಂದವರೂ ಇದ್ದರು. ಜಡೆಮ್ಮ ರೊಟ್ಟಿ ಬಡಿಯಲು ಕುಳಿತಳು. ಬೇಕಾದ್ದಕ್ಕಿಂತ ಹೆಚ್ಚು ಬಡಿಯುತ್ತಿದ್ದುದನ್ನು ಗಾಳೆಪ್ಪ ನೋಡಿದ.

"ಅಲ್ಲಿಗೆ ಹೋಗಾಕ ನಿಂತೀಯೇನು?" ಎಂದ.

"ಒಲಿ ಹಚ್ಚಿಲ್ಲ ಅವರು. ಹೊಗಿ ಕಾಣವಲ್ದು."

"ನಮ್ಮಪ್ಪನ ಕಲ್ಲು ಕಿತ್ತವರು ಅವರು."

"ಕಿತ್ತವರ ಹೊಟ್ಟಿಗೂ ಹಸಿವಿ ಐತಿ," ಎಂದಳು ಜಡೆಮ್ಮ. "ನೀ ಬರಬ್ಯಾಡ. ನಾ ಹೋಗಿ ಬರತೀನಿ."

ರೊಟ್ಟಿಯ ಜೊತೆಗೆ ಪುಂಡಿಪಲ್ಯ ಮಾಡಿದ್ದಳು. ಬೇರೇನು ಮಾಡಬೇಕೆಂದು ತೋಚಿರಲಿಲ್ಲ, ಹಿತ್ತಿಲಲ್ಲಿ ಇದ್ದದ್ದು ಅದೇ. ಅವಳ ಬೆನ್ನಿಗೆ ಇನ್ನೂ ಮೂರು ನಾಲ್ಕು ಮನೆಯ ಹೆಂಗಸರು ನುಚ್ಚು, ಮಜ್ಜಿಗೆಯ ಗಡಿಗೆ ಹೊತ್ತು ಬಂದರು. ಕಾಲುವೆಯ ಕಿರುಸೇತುವೆಯನ್ನು ದಾಟಿ ಕೂಲಿಗಲ್ಲದೆ ಅವರು ಕ್ಯಾಂಪಿಗೆ ಹೋದದ್ದು ಅದೇ ಮೊದಲು. ಸಾವಂತ್ರಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ಹೆಂಗಸರು ಅಂಗಳದಲ್ಲೇ ನಿಂತರು. ತಾವು ಮುಟ್ಟಿದ ಅನ್ನವನ್ನು ಆಕೆ ಉಣ್ಣುವಳೋ ಇಲ್ಲವೋ ಎಂಬ ಅನುಮಾನ ಅವರೆಲ್ಲರ ಮನಸ್ಸಿನಲ್ಲೂ ಇತ್ತು. ಜಡೆಮ್ಮನ ಮನಸ್ಸಿನಲ್ಲೂ ಇತ್ತು. ಆದರೂ ಮೆಟ್ಟಿಲು ಹತ್ತಿ, ಬುಟ್ಟಿ ಬಿಚ್ಚಿ, ರೊಟ್ಟಿಯ ಮೇಲೆ ಪಲ್ಯ ಇಟ್ಟು ಆಕೆಯ ಕೈಗೇ ಕೊಟ್ಟಳು. ಸಾವಂತ್ರಮ್ಮ ಬಹಳ ಹೊತ್ತು ಅದನ್ನು ನೋಡಿದಳು. ಪುಂಡಿ ಸೊಪ್ಪೆಂದರೆ ಅವರ ಗೋಂಗೂರವೇ. ತವರಿಗೆ ಹೋದಾಗಲೆಲ್ಲ ತನ್ನ ತಾಯಿ ಮೊದಲು ಬಡಿಸುತ್ತಿದ್ದದ್ದು ಇದನ್ನೇ ಎಂದು ಹೇಳಿ, ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡಳು. ಆ ತುತ್ತು ನುಂಗಿದ ಮೇಲೆಯೇ ಆಕೆಗೆ ಅಳು ಬಂದದ್ದು. ಅಲ್ಲಿಯವರೆಗೆ ಅತ್ತಿರಲೇ ಇಲ್ಲವಂತೆ.

ಇತ್ತ ಸಿರುಗುಪ್ಪದಲ್ಲಿ ತಿಪ್ಪೇರುದ್ರಪ್ಪನವರು ತಮ್ಮ ಲಾರಿಯಲ್ಲಿ ಅಕ್ಕಿ ಕಳಿಸುವುದಾಗಿ ಹೇಳಿದರು. ಬಳ್ಳಾರಿಯಲ್ಲಿ ಕಾಲೇಜು ಹುಡುಗರು ಮನೆ ಮನೆಗೆ ಹೋಗಿ ಬಟ್ಟೆ ಕೂಡಿಸುತ್ತಿದ್ದರು. ಅದನ್ನೆಲ್ಲ ಗಂಟು ಕಟ್ಟಿ ನಮ್ಮ ಗಿರಣಿಗೆ ತಂದು ಹಾಕಿದರು. ಜಡೆಮ್ಮ ತನ್ನ ತವರು ಕುರುಗೋಡಿಗೂ ಹೋದಳು. ಅಲ್ಲಿ ಅವಳ ಅಣ್ಣ ಎರ್ರೆಪ್ಪ ಕುರಿ ಸಾಕಿಕೊಂಡಿದ್ದ. ಸಮುದ್ರದ ದಂಡೆಯಲ್ಲಿ ಚಳಿಗೆ ಹೊದೆಯಲು ಏನೂ ಇಲ್ಲವಂತೆ, ಕಂಬಳಿ ಕೊಡಿಸು ಎಂದಳು. ಎರ್ರೆಪ್ಪನಿಗೂ ಭೂಮಿಯ ಸಿಟ್ಟು ಇದ್ದೇ ಇತ್ತು. ಅವರು ಶ್ರೀಮಂತರು, ಅವರಿಗೆ ನಾವು ಕೊಡುವುದೇ ಎಂದ. ಆಗ ಅವಳು ಹೇಳಿದ ಮಾತನ್ನು ಎರ್ರೆಪ್ಪನೇ ಮುಂದೆ ಎಲ್ಲರಿಗೂ ಹೇಳುತ್ತಿದ್ದ: "ಶ್ರೀಮಂತರು ಇಲ್ಲಿ ಅದಾರ ಯಣ್ಣ. ಅಲ್ಲಿ ಉಳಿದೋರು ಮೀನ ಹಿಡಿಯೋರು, ಕೂಲಿ ಮಾಡೋರು. ನಮ್ಮಂಥೋರು."

ಆ ಸಂಜೆ ಬಸವೇಶ್ವರನ ಗುಡಿಯ ಮುಂದೆ ನಿಂತು ಎರ್ರೆಪ್ಪ ತನ್ನ ಕಂಬಳಿಯನ್ನು ಮೊದಲು ಹಾಸಿದ. ಗುಡಿಗೆ ಬಂದವರು ಒಬ್ಬೊಬ್ಬರಾಗಿ ಅದರ ಮೇಲೆ ಕಂಬಳಿ, ಜೋಳ, ಒಣ ಮೆಣಸಿನಕಾಯಿ ಇಟ್ಟರು. ಸಿರುಗುಪ್ಪಕ್ಕೆ ಬರುವ ಬಸ್ಸಿನವನು ಟಾಪಿನ ಮೇಲೆ ಹಾಕಿಕೊಂಡು ಬಂದು ಕೊಟ್ಟ.

ಗಿರಣಿಯಲ್ಲಿ ಬಟ್ಟೆಯ ಗಂಟು ಬಿಚ್ಚುವಾಗ ನಾನು ಅಲ್ಲಿದ್ದೆ. ನಮ್ಮ ಅವ್ವ ಮತ್ತು ಜಡೆಮ್ಮ ಎದುರುಬದುರು ಕುಳಿತು ಬಟ್ಟೆ ಆರಿಸಿದರು. ಬಳ್ಳಾರಿಯ ಪಾರ್ವತಿನಗರದ ಮನೆಗಳಿಂದ ಒಳ್ಳೆಯ ಸೀರೆ, ಪಂಚೆ ಬಂದಿದ್ದವು. ಗುಂಡಿ ಕಿತ್ತ ಅಂಗಿ, ಬೆನ್ನು ಹರಿದ ಕುಪ್ಪಸ, ಒಂದು ಹಳೆಯ ವಕೀಲರ ಕೋಟೂ ಬಂದಿದ್ದವು. ಹರಿದದ್ದನ್ನು ಜಡೆಮ್ಮ ಬೇರೆ ಇಟ್ಟಳು. ಏನೂ ಇಲ್ಲದವರಿಗೆ ಇದಾದರೂ ಆಗುತ್ತದಲ್ಲ ಎಂದು ಯಾರೋ ಅಂದರು. ಸತ್ತವರ ಮನೆಗೆ ಹರಕು ಒಯ್ಯಬಾರದು ಎಂದಳು ಅವಳು. ಎಸೆಯಲಿಲ್ಲ, ಸೂಜಿ ದಾರ ತರಿಸಿದಳು. ಅವ್ವ, ಅವಳು, ಓಣಿಯ ಹೆಂಗಸರು ಕುಳಿತು ಹೊಲಿದರು. ಕೋಟಿಗೂ ಗುಂಡಿ ಹಚ್ಚಿದರು.

ಲಾರಿ ಹೊರಡುವ ಹೊತ್ತಿಗೆ ರತ್ತಯ್ಯ ಜ್ವರ ಹಿಡಿದು ಮಲಗಿದ್ದ. ತನ್ನ ಊರನ್ನು ಒಮ್ಮೆ ಕಣ್ಣಾರೆ ನೋಡಲೇಬೇಕು, ಅತ್ತಿಗೆಯನ್ನು ಕರೆತರಬೇಕು ಎಂದು ಸಾವಂತ್ರಮ್ಮ ಹಟ ಹಿಡಿದಳು. ಹೆಣ್ಣು ಜೊತೆ ಬೇಕಿತ್ತು. ಕ್ಯಾಂಪಿನ ಹೆಂಗಸರು ತಮ್ಮ ತಮ್ಮ ದುಃಖದಲ್ಲಿ ಮುಳುಗಿದ್ದರು. ಜಡೆಮ್ಮ ತಾನು ಬರುತ್ತೇನೆಂದಳು. ಗಾಳೆಪ್ಪ ಆ ದಿನ ಗಿರಣಿಯಲ್ಲೇ ಇದ್ದ. ಲಾರಿಗೆ ಚೀಲ ಏರಿಸಿದವರಲ್ಲಿ ಅವನೂ ಒಬ್ಬ. ಲಾರಿ ಹೊರಡುವಾಗ ತನ್ನ ಹೆಗಲ ಮೇಲಿನ ಕಂಬಳಿ ತೆಗೆದು ಹೆಂಡತಿಯ ಮಡಿಲಿಗೆ ಹಾಕಿ ಒಳಗೆ ಹೋದ.

ಆದೋನಿ, ಕರ್ನೂಲು ದಾಟಿ ಲಾರಿ ಮೂಡಣಕ್ಕೆ ಹೋಯಿತು. ಜಡೆಮ್ಮ ಅದುವರೆಗೆ ಬಳ್ಳಾರಿಯಿಂದ ಆಚೆ ಹೋದವಳಲ್ಲ. ಕರಾವಳಿ ಹತ್ತಿರವಾದಂತೆ ತೆಂಗು, ತಾಳೆಗಳು ಒಂದೇ ದಿಕ್ಕಿಗೆ ಮಲಗಿದ್ದವು. ನಮ್ಮ ಕಡೆಯಂತೆಯೇ ಅಲ್ಲಿಯೂ ಭತ್ತ ಮಾಗಿ ನಿಂತ ಕಾಲ. ಆ ಭತ್ತವೆಲ್ಲ ನೆಲಕ್ಕೆ ಅಂಟಿ, ಮೇಲೆ ಉಪ್ಪು ಬಿಳಿಯಾಗಿ ಒಣಗಿತ್ತು. ಹಕ್ಕಿಯ ದನಿ ಇರಲಿಲ್ಲ. ಹೆಣಗಳನ್ನು ತೆಗೆದು ದಿನಗಳಾಗಿದ್ದರೂ ಗಾಳಿಯಲ್ಲಿ ವಾಸನೆ ಉಳಿದಿತ್ತು. ದನಗಳ ಮೂಳೆ ಮುಳ್ಳುಕಂಟಿಗಳಲ್ಲಿ ಸಿಕ್ಕಿಕೊಂಡಿದ್ದವು.

ಸಾವಂತ್ರಮ್ಮನ ತವರುಮನೆ ಇದ್ದ ಜಾಗದಲ್ಲಿ ಹೊಸ್ತಿಲ ಕಲ್ಲೊಂದು ಉಳಿದಿತ್ತು. ಆಕೆ ಅದರ ಮೇಲೆ ಕುಳಿತಳು. ಜಡೆಮ್ಮ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಆಕೆ ಕೈಮಾಡಿ ತೋರಿಸಿದಳು: ಇಲ್ಲಿ ಅಡಿಗೆಮನೆ, ಅಲ್ಲಿ ಕೊಟ್ಟಿಗೆ, ಆ ಕಡೆ ಅಪ್ಪ ಮಲಗುತ್ತಿದ್ದ ಮಂಚ. ತೋರಿಸಿದ ಜಾಗದಲ್ಲೆಲ್ಲ ಬರೀ ಕೆಸರು. ಆಮೇಲೆ ಆಕೆ ತೆಲುಗಿನಲ್ಲಿ ಒಂದು ಮಾತು ಹೇಳಿದಳು. ಅದನ್ನು ಜಡೆಮ್ಮ ನಮ್ಮ ಅವ್ವನಿಗೆ ಹೇಳಿದ್ದು ವರ್ಷಗಳ ನಂತರ.

"ನಿಮ್ಮ ಮಾವನ ಕಲ್ಲು ತೆಗೆಸಿದ ದಿನ ನಾನು ಅಲ್ಲೇ ನಿಂತಿದ್ದೆ, ಜಡೆಮ್ಮ. ಒಂದು ಕಲ್ಲು ತಾನೇ, ಏನಾಯಿತು ಅನ್ನಿಸಿತ್ತು. ಈಗ ನಮ್ಮವರು ಎಲ್ಲಿ ಅಂತ ಕೇಳಿದರೆ ತೋರಿಸೋಕೆ ನನಗೂ ಏನೂ ಇಲ್ಲ."

ಜಡೆಮ್ಮ ಆಗ ಏನು ಹೇಳಿದಳು ಎಂದು ಅವ್ವ ಕೇಳಿದರು. ಏನೂ ಹೇಳಲಿಲ್ಲವಂತೆ. ಸರಿಯಾಯಿತು ಬಿಡು ಎಂದರೆ ಸುಳ್ಳಾಗುತ್ತಿತ್ತು. ನಿನಗೆ ತಕ್ಕದ್ದಾಯಿತು ಎನ್ನಲು ಅವಳೇನು ಮನುಷ್ಯಳಲ್ಲವೇ. ಸುಮ್ಮನೆ ಆಕೆಯ ಕೈ ಹಿಡಿದುಕೊಂಡು ಕುಳಿತಳು. ಹೊತ್ತು ಇಳಿದ ಮೇಲೆ ಇಬ್ಬರೂ ಎದ್ದು ಕೋಟಮ್ಮ ಇದ್ದ ಸಾಲೆಯ ಕಡೆಗೆ ನಡೆದರು.

ಸಾಲೆಯಲ್ಲಿ ಬದುಕಿ ಉಳಿದವರಿಗಾಗಿ ಗಂಜಿ ಬೇಯಿಸುತ್ತಿದ್ದರು. ಜಡೆಮ್ಮ ಸೆರಗು ಕಟ್ಟಿ ಆ ಒಲೆಗೆ ನಿಂತಳು. ಎರಡು ದಿನಕ್ಕೆ ಬರುತ್ತೇವೆ ಎಂದು ಹೋದವರು ಹಲವು ದಿನ ಅಲ್ಲೇ ಉಳಿದರು, ಲಾರಿ ಮೊದಲೇ ತಿರುಗಿ ಬಂತು. ಕುಡಿಯುವ ನೀರಿಗೆ ಅಲ್ಲಿ ಕಷ್ಟ, ಬಾವಿಗಳಲ್ಲೆಲ್ಲ ಉಪ್ಪುಕೆಸರು. ದೂರದಿಂದ ಬರುತ್ತಿದ್ದ ನೀರನ್ನು ಎಲ್ಲರೂ ಅಳೆದು ಬಳಸುತ್ತಿದ್ದರು.

ಕೋಟಮ್ಮ ಮೂಲೆಯಲ್ಲಿ ಮುದುರಿ ಮಲಗಿದ್ದಳು. ತಾಳೆಮರದ ಒರಟು ಕಾಂಡ ಉಜ್ಜಿ ಅವಳ ತೋಳು, ಎದೆ, ತೊಡೆಗಳ ಚರ್ಮ ಕಿತ್ತುಹೋಗಿತ್ತು. ಗಾಯ ಒಣಗುತ್ತಿತ್ತು. ಆದರೆ ಅವಳು ಮಾತು ಬಿಟ್ಟಿದ್ದಳು. ತಲೆಗೂದಲು ಕೆಸರು, ಉಪ್ಪು ಸೇರಿ ಗಂಟುಗಟ್ಟಿತ್ತು. ಮುಟ್ಟಹೋದರೆ ಕೈ ತಳ್ಳುತ್ತಿದ್ದಳು. ಕತ್ತರಿಸಿಬಿಡೋಣ ಎಂದು ನರ್ಸು ಹೇಳಿದ್ದಳು. ಜಡೆಮ್ಮ ತನ್ನ ಪಾಲಿನ ಕುಡಿಯುವ ನೀರನ್ನು ದಿನವೂ ಅಷ್ಟಷ್ಟು ಉಳಿಸಿಟ್ಟು, ಯಾರಿಂದಲೋ ಎಣ್ಣೆ ಬೇಡಿ ತಂದು, ಒಂದು ಬೆಳಿಗ್ಗೆ ಕೋಟಮ್ಮನ ಮುಂದೆ ಹೋಗಿ ನಿಂತಳು. ಎಬ್ಬಿಸುವ ಅವಸರದಲ್ಲಿ ಕನ್ನಡ ತೆಲುಗು ಎರಡೂ ಕಲೆತು, "ಎದ್ದು ರಾವಮ್ಮಾ" ಅಂದುಬಿಟ್ಟಳು. ನಮ್ಮ ಕಿವಿಗೆ ಅದರಲ್ಲಿ ತಪ್ಪಿಲ್ಲ. ತೆಲುಗಿನವರಿಗೆ ಎದ್ದು ಎಂದರೆ ಎತ್ತು. ಎತ್ತೇ, ಬಾರಮ್ಮ ಎಂದು ಕರೆದಂತಾಯಿತು.

ಸುತ್ತ ಮಲಗಿದ್ದ ಹೆಂಗಸರಲ್ಲಿ ಒಬ್ಬಳು ಮೊದಲು ನಕ್ಕಳು. ಇನ್ನೊಬ್ಬಳು ನಕ್ಕಳು. ಕೋಟಮ್ಮನ ತುಟಿಯೂ ಅಲುಗಿತು. ಆಮೇಲೆ ಆ ನಗುವಿಗೆ ಎಲ್ಲರಿಗೂ ನಾಚಿಕೆಯಾಯಿತೋ ಏನೋ, ಒಮ್ಮೆಲೇ ಸುಮ್ಮನಾದರು. ಆದರೆ ಕೋಟಮ್ಮ ಎದ್ದು ಕುಳಿತಿದ್ದಳು. ಜಡೆಮ್ಮ ಅವಳ ಹಿಂದೆ ಕುಳಿತು, ಎಣ್ಣೆ ಹಚ್ಚಿ ನೆನೆಸಿ, ಬೆರಳಿನಿಂದ ಒಂದೊಂದೇ ಎಳೆ ಬಿಡಿಸಿದಳು. ಮಧ್ಯಾಹ್ನದವರೆಗೂ ಬಿಡಿಸಿದಳು. ಕೂದಲಲ್ಲಿ ಸಣ್ಣ ಚಿಪ್ಪುಗಳು ಸಿಕ್ಕವು. ತಲೆ ತೊಳೆದು ಜಡೆ ಹೆಣೆದಾಗ ಕೋಟಮ್ಮ ತಿರುಗಿ, ನೀನು ಯಾವ ಊರವಳು ಎಂದು ಕೇಳಿದಳು. ಅವಳು ಆಡಿದ ಮೊದಲ ಮಾತು ಅದು.

ಮೂವರೂ ಸಿರುಗುಪ್ಪಕ್ಕೆ ಬಂದು ಬಸ್ಸಿಳಿದಾಗ ಸಾವಂತ್ರಮ್ಮನಿಗೆ ಇದ್ದ ಚಿಂತೆ ಗದ್ದೆಯದು. ಕ್ಯಾಂಪಿನ ಗಂಡಸರಲ್ಲಿ ಅರ್ಧ ಜನ ಕರಾವಳಿಯಲ್ಲಿದ್ದರು, ಉಳಿದವರಿಗೆ ಕೈ ಆಡುತ್ತಿರಲಿಲ್ಲ. ಕೊಯ್ಯದೆ ಬಿಟ್ಟ ಭತ್ತ ಉದುರಿಹೋಗಿರಬೇಕು ಎಂದುಕೊಂಡಿದ್ದಳು. ಹೋಗಿ ನೋಡಿದರೆ ಗದ್ದೆಗಳು ಬೋಳಾಗಿದ್ದವು. ಕಣದಲ್ಲಿ ಭತ್ತದ ಬಣವೆಗಳು ಎದ್ದಿದ್ದವು, ಮೇಲೆ ಹುಲ್ಲಿನ ಹೊದಿಕೆ ಬೇರೆ. ಹಳ್ಳಿಯವರೆಲ್ಲ ಸೇರಿ ಕ್ಯಾಂಪಿನ ಪೈರನ್ನೂ ಕೊಯ್ದು ಒಟ್ಟಿದ್ದರು. ರತ್ತಯ್ಯ ಜ್ವರದಿಂದ ಎದ್ದು ಬಂದು, ಮೊದಲು ಕುಡುಗೋಲು ಹಿಡಿದು ಇಳಿದವನು ಗಾಳೆಪ್ಪ ಎಂದು ಹೆಂಡತಿಗೆ ಹೇಳಿದ. ಅಪ್ಪನನ್ನು ಹೂಳಿದ್ದ ಆ ತುಂಡಿನಿಂದಲೇ ಶುರು ಮಾಡಿದ್ದನಂತೆ. ಮನೆಯಲ್ಲಿ ಜಡೆಮ್ಮ ಕೇಳಿದಾಗ ಗಾಳೆಪ್ಪ ಹೇಳಿದ್ದು ಇಷ್ಟೇ, ಮಾಗಿದ ತೆನೆ ನೆಲಕ್ಕೆ ಬೀಳುವುದನ್ನು ನೋಡಲಾಗಲಿಲ್ಲ.

ಕೋಟಮ್ಮ ಕ್ಯಾಂಪಿನಲ್ಲಿ ಉಳಿಯುವುದು ಕಷ್ಟವಾಯಿತು. ನಾದಿನಿಯ ಮನೆಯ ಹಿಂದೆಯೇ ಕಾಲುವೆ. ನೀರಿನ ಸದ್ದು ಕೇಳಿದರೆ ಅವಳ ಮೈ ನಡುಗುತ್ತಿತ್ತು. ಗಾಳಿ ಎದ್ದರಂತೂ ಎದ್ದು ಓಡುತ್ತಿದ್ದಳು. ಒಂದು ಸಂಜೆ ಹೀಗೆಯೇ ಓಡಿ, ದಿಬ್ಬ ಹತ್ತಿ, ಜಡೆಮ್ಮನ ಮನೆಯ ಮುಂದೆ ಬಂದು ನಿಂತಳು. ದಿಬ್ಬದ ಮೇಲೆ ನೀರಿನ ಸದ್ದು ಇರಲಿಲ್ಲ. ಜಡೆಮ್ಮ ಒಳಗೆ ಕರೆದು ಚಾಪೆ ಹಾಸಿದಳು. ಮರುದಿನ ಸಾವಂತ್ರಮ್ಮ ಕರೆಯಲು ಬಂದಾಗ ಕೋಟಮ್ಮ ಹೊರಡಲಿಲ್ಲ. ಕೂಲಿಯವರ ಮಣ್ಣಿನ ಮನೆಯಲ್ಲಿ ನಮ್ಮ ಹೆಣ್ಣುಮಗಳು ಹೇಗೆ ಉಳಿಯುವುದು ಎಂದು ಕ್ಯಾಂಪಿನಲ್ಲಿ ಕೆಲವರು ಅಂದರು. ದಿಬ್ಬದ ಮೇಲೂ ಕೆಲವರಿಗೆ ಅದು ಸರಿಬರಲಿಲ್ಲ. ಸಾವಂತ್ರಮ್ಮ ಯಾರ ಮಾತಿಗೂ ಕಿವಿಗೊಡದೆ ಅತ್ತಿಗೆಯ ಸೀರೆಗಳನ್ನು ತಂದುಕೊಟ್ಟಳು. ಅವತ್ತು ಜಡೆಮ್ಮನ ಒಲೆಯ ಮುಂದೆ ಕುಳಿತು ಉಂಡೇ ಹೋದಳು.

ಗಾಳೆಪ್ಪ ತನ್ನ ಹಾಸಿಗೆಯನ್ನು ಹೊರಗಿನ ಕಟ್ಟೆಗೆ ಒಯ್ದ. ಆಷಾಢದ ಗಾಳಿ ಬೀಸತೊಡಗಿದಾಗ ಕೋಟಮ್ಮ ಕದ ತೆರೆದು ಓಡಲು ಬಂದರೆ ಅವನು ಅಲ್ಲಿರುತ್ತಿದ್ದ. ಅವನ ತೆಲುಗು ಅಷ್ಟಕ್ಕಷ್ಟೆ, ಅವಳಿಗೆ ಕನ್ನಡ ಆಗಿನ್ನೂ ಬಾರದು. ಆದರೂ ಹೇಳುತ್ತಿದ್ದ:

"ಗಾಳಿ ತಂಗೆವ್ವ, ಬರೇ ಗಾಳಿ. ನೀರಿಲ್ಲ. ನಾ ಇಲ್ಲೇ ಅದೀನಿ, ಹೋಗಿ ಮಕ್ಕೋ."

ಅವನ ಹೆಸರಿನಲ್ಲೇ ಗಾಳಿ ಇದೆಯೆಂದು ಜಡೆಮ್ಮ ಒಮ್ಮೆ ಕೋಟಮ್ಮನಿಗೆ ತಿಳಿಸಿ ಹೇಳಿದಳು. ಆಮೇಲೆ ಗಾಳಿ ಬೀಸಿದಾಗ ಕೋಟಮ್ಮ ಒಳಗಿನಿಂದಲೇ, ಅಣ್ಣಾ ಇದ್ದೀಯಾ ಎಂದು ಕೂಗುವುದು ರೂಢಿಯಾಯಿತು. ಅವನು ಕೆಮ್ಮುತ್ತಿದ್ದ. ಅದೇ ಉತ್ತರ. ಎಷ್ಟೋ ತಿಂಗಳ ಮೇಲೆ ಒಂದು ದಿನ, ಗಾಳಿ ಜೋರಾಗಿದ್ದರೂ ಅವಳು ಕೂಗಲಿಲ್ಲ. ನಿದ್ದೆ ಬಂದಿತ್ತು.

ಕೋಟಮ್ಮ ಮೂರು ವರ್ಷಕ್ಕೂ ಹೆಚ್ಚು ಕಾಲ ಆ ಮನೆಯಲ್ಲಿದ್ದಳು. ರೊಟ್ಟಿ ಬಡಿಯುವುದನ್ನು ಕಲಿತಳು, ಆಮೇಲೆ ನಾಟಿಗೂ ಇಳಿದಳು. ಕಾಲುವೆಯ ನೀರಿಗೆ ಕಾಲಿಟ್ಟ ದಿನ ಒಂದು ಕಡೆ ಜಡೆಮ್ಮ, ಒಂದು ಕಡೆ ಸಾವಂತ್ರಮ್ಮ ನಿಂತಿದ್ದರಂತೆ. ಅವಳ ದೆಸೆಯಿಂದ ಕ್ಯಾಂಪಿಗೂ ಹಳ್ಳಿಗೂ ಓಡಾಟ ಬೆಳೆಯಿತು. ಎಲ್ಲ ನೇರ್ಪಾಯಿತು ಎಂದೇನೂ ನಾನು ಹೇಳುವುದಿಲ್ಲ. ನೀರು ಹಾಯಿಸುವ ಪಾಳಿಗೆ ಜಗಳಗಳು ಆದವು, ಕೂಲಿಯ ಮಾತಿಗೆ ಜಡೆಮ್ಮ ರತ್ತಯ್ಯನ ಎದುರೇ ಕೆಲಸ ನಿಲ್ಲಿಸಿ ಕುಳಿತದ್ದೂ ಉಂಟು. ಆದರೆ ಸಾವಾದರೆ, ಬಾಣಂತನವಾದರೆ, ಸೇತುವೆ ದಾಟಿ ಹೋಗಲು ಯಾರೂ ಹಿಂದೆ ಮುಂದೆ ನೋಡುತ್ತಿರಲಿಲ್ಲ.

ಎಂಬತ್ತೊಂದರಲ್ಲಿ ಕರಾವಳಿಯಿಂದ ತಿಳಿದುಬಂತು. ಊರನ್ನು ಮತ್ತೆ ಕಟ್ಟಿದ್ದಾರೆ, ಉಳಿದವರಿಗೆಲ್ಲ ಗಟ್ಟಿ ಮನೆ ಕೊಟ್ಟಿದ್ದಾರೆ, ಕೋಟಮ್ಮನ ಹೆಸರಿಗೂ ಒಂದಿದೆ ಎಂದು. ಸಾವಂತ್ರಮ್ಮ ಹೋಗಬೇಡ ಎಂದಳು. ಕೋಟಮ್ಮ ಒಂದೆರಡು ದಿನ ಯೋಚಿಸಿ, ತನ್ನ ಮಕ್ಕಳು ಆ ಮಣ್ಣಿನಲ್ಲಿದ್ದಾರೆ, ತಾನು ಅಲ್ಲಿರಬೇಕು ಎಂದಳು. ಕಳಿಸಿ ಬರಲು ಜಡೆಮ್ಮ ಹೊರಟಳು. ಈ ಸಲ ಗಾಳೆಪ್ಪನೂ ಹೊರಟ.

ಗುಂತಕಲ್ಲಿನಲ್ಲಿ ರೈಲು ಹಿಡಿದು, ಮುಂದೆ ಬಸ್ಸಿನಲ್ಲಿ ಹೋದರು. ಊರು ಹೊಸದಾಗಿತ್ತು. ಸುಣ್ಣ ಬಳಿದ ಸಣ್ಣ ಮನೆಗಳು ಸಾಲಾಗಿ ನಿಂತಿದ್ದವು. ಸಾಮಾನು ಇಳಿಸಿದ ಮೇಲೆ ಕೋಟಮ್ಮ ಅವರನ್ನು ಸಮುದ್ರ ನೋಡಲು ಕರೆದೊಯ್ದಳು. ಗಾಳೆಪ್ಪ ಮರಳಿನ ಮೇಲೆ ದೂರದಲ್ಲೇ ನಿಂತ. ಅಂದು ಅಲೆ ಸಣ್ಣಗಿತ್ತು. ದಡದಲ್ಲಿ ದೋಣಿಗಳು ಒಣಗುತ್ತಿದ್ದವು. ಅದನ್ನು ನೋಡಿ ಗಾಳೆಪ್ಪ, "ಎಷ್ಟು ಸುಮ್ಕ ಐತಿ," ಎಂದ.

"ಯಾವಾಗಲೂ ಹಿಂಗೇ ಇರತೈತಿ ಅಣ್ಣಾ," ಎಂದಳು ಕೋಟಮ್ಮ. ಅಷ್ಟರಲ್ಲಿ ಅವಳ ಕನ್ನಡ ನಮ್ಮ ಕಡೆಯದೇ ಆಗಿಹೋಗಿತ್ತು. "ಆ ದಿನ ಒಂದು ಬಿಟ್ಟರ."

ತುಂಗಭದ್ರೆ ಕೃಷ್ಣೆಗೆ ಸೇರಿ ಇಲ್ಲಿಗೇ ಬರುತ್ತದೆ ಎಂದು ಯಾರೋ ರೈಲಿನಲ್ಲಿ ಹೇಳಿದ್ದರು. ನಮ್ಮ ಹೊಳೆಯ ನೀರು ಇದರಲ್ಲಿ ಯಾವುದು ಎಂದು ಗಾಳೆಪ್ಪ ಕೇಳಿದ. ಕೋಟಮ್ಮನಿಗೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕಪಕ್ಕದ ಹೆಂಗಸರು ಕೋಟಮ್ಮನನ್ನು ನೋಡಲು ಬಂದರು. ಇವಳು ಇನ್ನು ತಿರುಗಿ ಬರುವುದಿಲ್ಲ ಎಂದು ಅವರು ಅಂದುಕೊಂಡಿದ್ದರು. ಇಷ್ಟು ವರ್ಷ ಎಲ್ಲಿ ಹೋಗಿದ್ದೆ ಎಂದು ಕೇಳಿದರು. ಕೋಟಮ್ಮ ಒಲೆ ಊದುತ್ತಿದ್ದವಳು ತಲೆ ಎತ್ತದೆ, "ಪುಟ್ಟಿಂಟ್ಲೋ ಉನ್ನಾ," ಎಂದಳು. ತವರುಮನೆಯಲ್ಲಿದ್ದೆ ಎಂದು.

ಈ ಮಾತನ್ನು ನಮಗೆ ಹೇಳಿದವನು ಗಾಳೆಪ್ಪ, ಗಿರಣಿಯಲ್ಲಿ ಚೀಲಕ್ಕೆ ಬೆನ್ನು ಕೊಡುವ ಮುಂಚೆ ಬೀಡಿ ಸೇದುತ್ತ. ಜಡೆಮ್ಮ ಹೇಳಿರಲಿಲ್ಲ. ಆ ಸಲದ ಸಂತೆಗೆ ಅವಳು ಬಂದಾಗ ಅವ್ವ ಅದನ್ನು ಎತ್ತಿದರು. ಹೌದು ಎಂದಷ್ಟೇ ಹೇಳಿ ಅವಳು ನೀರು ಕುಡಿದಳು. ನಾಟಿಗೆ ಹೆಂಗಸರು ಸಾಲುತ್ತಿಲ್ಲ, ನಿಮ್ಮ ಓಣಿಯಲ್ಲಿ ಯಾರಾದರೂ ಬರುತ್ತಾರೆಯೇ ಎಂದು ಕೇಳಿದಳು.